ಮೇಲಿನ ಮಹಡಿ ಖಾಲಿಯಾದ ಬೇಸಿಗೆ

ಹೋದ ತಿಂಗಳು ನಮ್ಮ ಕಚೇರಿಯ ಮಾಳಿಗೆಯ ಮೇಲೆ ಡಾಂಬರು ಬಳಿಯುತ್ತಿದ್ದರು. ನವನಗರದ ಆ ಕಟ್ಟಡ ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ಬೇಯುತ್ತದೆ. ಕಡೆಗೂ ಅದಕ್ಕೊಂದು ರಿಪೇರಿ ಬಂದಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಕಾದ ಡಾಂಬರಿನ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದ ಮೇಜಿನವರು ಮೂಗಿಗೆ ಕರವಸ್ತ್ರ ಹಿಡಿದು ಎದ್ದುಹೋದರು. ನನಗೆ ಏಳಲಾಗಲಿಲ್ಲ. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಧಾರವಾಡದ ಆ ಹಾಸ್ಟೆಲ್ಲು, ಅದರ ಮಾಳಿಗೆ, ಮಹಾಂತೇಶಣ್ಣನ ಜೊತೆ ನಾನು ಅಲ್ಲಿ ಕಳೆದ ಒಂದು ಬೇಸಿಗೆ, ಎಲ್ಲ ಒಮ್ಮೆಲೇ ಬಂದು ಎದೆಯ ಮೇಲೆ ಕೂತವು.

ಆಗ ನಾನು ಎಂ.ಎ. ಮುಗಿಸಿ ಕೆಲವು ವರ್ಷಗಳಾಗಿದ್ದವು. ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ನನ್ನ ಹೆಸರಿನ ಮಂಚ ಇರಲಿಲ್ಲ. ಆದರೂ ಅಲ್ಲೇ ಇದ್ದೆ. ನನ್ನಂಥವರನ್ನು ಹುಡುಗರು ‘ಗೆಸ್ಟ್’ ಎನ್ನುತ್ತಿದ್ದರು. ಓದು ಮುಗಿದಿರುತ್ತದೆ, ನೌಕರಿ ಸಿಕ್ಕಿರುವುದಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುತ್ತೇವೆ. ಪರಿಚಯದ ಯಾರದೋ ಕೋಣೆಯಲ್ಲಿ, ಎರಡು ಮಂಚಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತೇವೆ. ವಾರ್ಡನ್ನರು ಬಂದಾಗ ಗ್ರಂಥಾಲಯದ ಕಡೆಗೆ ಮೆಲ್ಲಗೆ ಜಾರುತ್ತೇವೆ. ನನಗೆ ಜಾಗ ಕೊಟ್ಟವನು ಸಂತೋಷ ಎಂಬ ಎರಡನೇ ವರ್ಷದ ಹುಡುಗ. ಅವನ ಕೋಣೆ ಮೂರನೇ ಮಹಡಿಯಲ್ಲಿ, ಮಾಳಿಗೆಗೆ ನೇರ ಕೆಳಗೆ.

ನನ್ನ ಮನೆ ದೂರವಿರಲಿಲ್ಲ. ಹುಬ್ಬಳ್ಳಿಯ ಗೋಪನಕೊಪ್ಪ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೆ ಎರಡೇ ಕೋಣೆಯ ಮನೆಯಲ್ಲಿ ತಮ್ಮನ ಮದುವೆಯಾಗಿ ಒಂದು ಕೋಣೆ ಅವರದಾಗಿತ್ತು. ಅವನು ಬಿಡಿಭಾಗಗಳ ಅಂಗಡಿಯಲ್ಲಿ ದುಡಿಯುತ್ತಿದ್ದ. ಮನೆ ನಡೆಯುತ್ತಿದ್ದುದು ಅವನಿಂದ. ನಾನು ಹೋದರೆ ಅಡುಗೆಮನೆಯಲ್ಲಿ ಮಲಗಬೇಕು, ಬೆಳಗ್ಗೆ ಎದ್ದು ಓಣಿಯ ತುದಿಯವರೆಗೆ ನಡೆಯುವುದರೊಳಗೆ ನಾಲ್ಕು ಜನಕ್ಕೆ ಉತ್ತರ ಹೇಳಬೇಕು. “ಏನ್ ಮಾಡಾಕತ್ತೀಪಾ ಈಗ?” ಅನ್ನುವ ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಹೆದರಿ ನಾನು ಹಬ್ಬಕ್ಕೂ ಹೋಗುವುದನ್ನು ಬಿಟ್ಟಿದ್ದೆ.

ಮಹಾಂತೇಶಣ್ಣ ನನಗಿಂತ ಹಿರಿಯ ಗೆಸ್ಟ್. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ, ಹಿಂದೆ ಮುರಿದ ಮಂಚ, ಕಸಬರಿಗೆ ಇಡುತ್ತಿದ್ದ ಗೂಡಿನಂಥ ಜಾಗದಲ್ಲಿ ಅವನ ವಾಸ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು. ನರಗುಂದದ ಕಡೆಯ ಹಳ್ಳಿಯವನು. ತಂದೆ-ತಾಯಿ ಬೇಗ ಹೋದಮೇಲೆ ಅವನನ್ನು ಸಾಕಿ ಓದಿಸಿದವಳು ಅಕ್ಕ, ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಅರ್ಥಶಾಸ್ತ್ರ ಅವನಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ತರಗತಿಯಲ್ಲೂ ಕಂಡಿರಲಿಲ್ಲ. ಸಂಜೆಯಾದರೆ ಹುಡುಗರು ಆ ಗೂಡಿನ ಮುಂದೆ ಮೆಟ್ಟಿಲ ಮೇಲೆ ಕೂತು ಪಾಠ ಕೇಳುತ್ತಿದ್ದರು. ಆ ವರ್ಷ ಸರ್ಕಾರಿ ಅಧಿಕಾರಿಗಳ ದೊಡ್ಡ ಪರೀಕ್ಷೆಯ ಮೊದಲ ಹಂತವನ್ನು ಅವನು ದಾಟಿದ್ದ, ನಾನು ಫೇಲಾಗಿದ್ದೆ. ಬೇಸಿಗೆಯ ಕೊನೆಗೆ ಮುಖ್ಯ ಪರೀಕ್ಷೆ. ಆಮೇಲೆ ಅವನಿಗೆ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಮತ್ತೊಂದು ಸಲ ಎಂಬುದು ಇರಲಿಲ್ಲ.

ಆಗ ನನಗೆ ನನ್ನ ಮೇಲೆ ಯಾವ ಆಸೆಯೂ ಉಳಿದಿರಲಿಲ್ಲ. ಇದ್ದಬಿದ್ದ ಆಸೆಯನ್ನೆಲ್ಲ ಅವನ ಮೇಲೆ ಇಟ್ಟಿದ್ದೆ. ಅವನು ಪಾಸಾದರೆ ಆ ನೆಲದ ಮೇಲೆ ನಾವೆಲ್ಲ ಮಲಗಿದ ವರ್ಷಗಳಿಗೆ ಒಂದು ಅರ್ಥ ಸಿಗುತ್ತದೆ ಎಂದು ನಂಬಿದ್ದೆ.

ಯುಗಾದಿಗೆ ಸ್ವಲ್ಪ ಮೊದಲು ವಾರ್ಡನ್ ದೇಸಾಯಿ ಸರ್ ಎಲ್ಲರನ್ನೂ ಊಟದ ಹಾಲಿಗೆ ಕರೆಸಿದರು. ಭೌತಶಾಸ್ತ್ರದ ಪ್ರಾಧ್ಯಾಪಕರು, ಇದೇ ಹಾಸ್ಟೆಲ್ಲಿನಲ್ಲಿ ಇದ್ದು ಓದಿದವರು. ಅವರ ಮುಖದಲ್ಲಿ ಅಪರೂಪದ ಹುರುಪಿತ್ತು.

“ನೋಡ್ರಪಾ, ಮೇ ತಿಂಗಳದಾಗ ಮ್ಯಾಲಿನ ಮಹಡಿ ಹುಡುಗ್ರು ಹಸೀ ಅರಿವಿ ಹೊದ್ಕೊಂಡು ಮಲಗ್ತಾರ. ನಾನೂ ಹಂಗ ಮಲಗಿದಾವ. ಇನ್ನ ಮ್ಯಾಲೆ ಹಂಗ ಇರೂದಿಲ್ಲ,” ಎಂದರು. ಸರ್ಕಾರದ ಒಂದು ಯೋಜನೆಯಲ್ಲಿ ನಮ್ಮ ಹಾಸ್ಟೆಲ್ಲು ಆಯ್ಕೆಯಾಗಿತ್ತು. ಮಾಳಿಗೆಯ ಮೇಲೆ ಬಿಸಿ ತಡೆಯುವ ಹಾಳೆ ಹಾಸಿ ಬಿಳಿ ಹಂಚು ಕೂರಿಸುತ್ತಾರೆ. ಕಾಗದ ಅಂಟಿಸಿದ ಹಳೆಯ ಕಬ್ಬಿಣದ ಕಿಟಕಿಗಳನ್ನು ಕಿತ್ತು ಎರಡು ಪದರ ಗಾಜಿನ ಕಿಟಕಿ ಇಡುತ್ತಾರೆ. ಸ್ನಾನಕ್ಕೆ ಸೋಲಾರ್ ನೀರು, ಮೆಟ್ಟಿಲಿಗೆ ಸೋಲಾರ್ ದೀಪ, ಕಡಿಮೆ ಕರೆಂಟು ತಿನ್ನುವ ಫ್ಯಾನು, ಕೋಣೆಗೊಂದು ಮೀಟರು. ಕರೆಂಟಿನ ಖರ್ಚು ಅರ್ಧಕ್ಕಿಳಿಯುತ್ತದೆ. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಚಪ್ಪಾಳೆ ನಿಂತ ಮೇಲೆ ಸರ್ ಧ್ವನಿ ಇಳಿಸಿದರು. “ಇನ್ನೊಂದು ಮಾತು. ಒಂದು ಮಂಚಕ್ಕ ಒಬ್ಬ. ಹೆಸರಿಲ್ಲದಾವ್ರು ಯಾರ್ಯಾರು ಅದೀರಿ, ನಿಮಗ ಗೊತ್ತೈತಿ, ನನಗೂ ಗೊತ್ತೈತಿ. ಇಷ್ಟ ದಿನ ಕಣ್ಣ ಮುಚ್ಚಿದ್ದೆ. ಇನ್ನ ಆಗೂದಿಲ್ಲ. ತಪಾಸಣಿ ಮಾಡಾಕ ಮ್ಯಾಲಿನವ್ರು ಬರ್ತಾರ.”

ಮೊದಲು ಮೂರನೇ ಮಹಡಿ ಖಾಲಿಯಾಗಬೇಕಿತ್ತು. ಅಲ್ಲಿನ ಹುಡುಗರು ಕೆಳಗಿನ ಕೋಣೆಗಳಿಗೆ ಇಳಿದು, ಇಬ್ಬರಿದ್ದಲ್ಲಿ ಮೂವರಾದರು. ಚಾಪೆ ಹಾಸುವ ಜಾಗದಲ್ಲಿ ಈಗ ಮಂಚ ಬಂತು. ಸಂತೋಷ ನನ್ನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ಅವನಿಗೂ ತಿಳಿಯಲಿಲ್ಲ. ಉಳಿದ ಗೆಸ್ಟುಗಳು ಒಬ್ಬೊಬ್ಬರಾಗಿ ಊರಿಗೆ ಹೊರಟರು. ಹತ್ತಿರದ ಸಪ್ತಾಪುರದಲ್ಲಿ ಬಾಡಿಗೆಗೆ ಕೋಣೆ ಹಿಡಿಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಮಹಾಂತೇಶಣ್ಣ ನನ್ನನ್ನೂ ಕರೆದುಕೊಂಡು ದೇಸಾಯಿ ಸರ್ ಹತ್ತಿರ ಹೋದ.

“ಸರ್, ಪರೀಕ್ಷಾ ಮುಗಿಯೂ ತನಕ ಇರಾಕ ಬಿಡ್ರಿ. ಇದ ಕಡೀದು.”

ಸರ್ ಮೇಜಿನ ಮೇಲಿದ್ದ ಕಟ್ಟಡದ ನಕಾಶೆ ಬಿಡಿಸಿದರು. “ಮಹಾಂತೇಶ, ಮೆಟ್ಲ ಕೆಳಗ ಸೋಲಾರದ್ದು ಬ್ಯಾಟರಿ ಬರ್ತಾವು. ನಕಾಶದಾಗ ಹಂಗ ಐತಿ. ನಿನ್ನ ಎಲ್ಲಿ ಇಡ್ಲೆಪಾ ನಾ?”

ಅವರು ನಿಜವಾಗಿಯೂ ಕೇಳುತ್ತಿದ್ದರು. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆವು. ಹಾಸ್ಟೆಲ್ಲಿಗೆ ಒಳ್ಳೆಯದಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಬರದಂಥ ಸಂಕಟ ಅದು.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಕೆಲಸ ನೋಡಿಕೊಳ್ಳಲು ಬಂದಿದ್ದ ಎಂಜಿನಿಯರ್ ನವನಗರದ ಹುಡುಗಿ, ಅಶ್ವಿನಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಯುಗಾದಿಗೆ ಊರಿಗೆ ಹೋದ ಅವಳ ಆಳುಗಳು ಅರ್ಧದಷ್ಟೂ ತಿರುಗಿ ಬಂದಿರಲಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆ ಮುಚ್ಚದಿದ್ದರೆ ಅವಳ ನೌಕರಿಗೇ ಸಂಚಕಾರ. ಫೋನು ಹಿಡಿದು ಯಾರನ್ನೋ ಬೇಡಿಕೊಳ್ಳುತ್ತ ಅಂಗಳದಲ್ಲಿ ಓಡಾಡುತ್ತಿದ್ದಳು. ಮಹಾಂತೇಶಣ್ಣ ಎದ್ದು ಹೋಗಿ ಅವಳ ಮುಂದೆ ನಿಂತ.

“ಮೇಡಂ, ನಾವಿಬ್ರು ಅದೇವ್ರಿ. ಕೆಲಸ ಮಾಡ್ತೇವಿ. ಮ್ಯಾಲಿನ ಮಹಡ್ಯಾಗ ಮಲಗಾಕ ಬಿಡ್ರಿ, ಸಾಮಾನಿನ ಕಾವಲೂ ಆಗ್ತೈತಿ.”

ಅವಳು ನಮ್ಮ ಅಂಗೈಗಳನ್ನು ನೋಡಿದಳು. “ಹೊರೂ ಕೆಲಸ ರೀ ಇದು. ಆಗ್ತೈತೇನ್ರಿ ನಿಮ್ಮ ಕೈಲೆ? ಏನ್ ಓದೀರಿ?”

“ಸ್ವಲ್ಪ ಓದೇವ್ರಿ,” ಎಂದ ಮಹಾಂತೇಶಣ್ಣ.

ದೇಸಾಯಿ ಸರ್ ಇದನ್ನು ಕೇಳಿ ಮುಖ ಆಚೆ ತಿರುಗಿಸಿದರು. ಬೇಡ ಎನ್ನಲಿಲ್ಲ.

ಹೀಗೆ ನಾವು ಗೆಸ್ಟುಗಳಿಂದ ಆಳುಗಳಾದೆವು. ಮಾಳಿಗೆಯ ಹಳೆಯ ಗಾರೆಯನ್ನು ಒಡೆದು ಕೆಳಗಿಳಿಸಿದೆವು. ಸಿಮೆಂಟಿನ ಮೇಲೆ ಡಾಂಬರು ಬಳಿದೆವು. ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿಯ ಅಡಿ ಡಾಂಬರಿಗೆ ಅಂಟಿ ಕಿತ್ತು ಬರುತ್ತಿತ್ತು. ಆಮೇಲೆ ಥರ್ಮಾಕೋಲಿನಂಥ ದಪ್ಪ ಹಾಳೆಗಳು ಬಂದವು. ತೂಕ ಏನೂ ಇಲ್ಲ, ಆದರೆ ಆಳುದ್ದದ ಹಾಳೆಯನ್ನು ಹೊತ್ತು ಮೂರು ಮಹಡಿ ಹತ್ತುವಾಗ ತಿರುವಿನಲ್ಲಿ ಅದು ಗೋಡೆಗೆ ಬಡಿಯದಂತೆ ಎದೆಗವಚಿಕೊಳ್ಳಬೇಕು. ಅದರ ಪುಡಿ ಬೆವರಿಗೆ ಅಂಟಿ ಕುತ್ತಿಗೆಯೆಲ್ಲ ಉರಿಯುತ್ತಿತ್ತು.

ಮೂರನೇ ಮಹಡಿಯ ಕೋಣೆಗಳಲ್ಲಿ ಕಿಟಕಿಗಳನ್ನು ಕಿತ್ತಿದ್ದರು. ಸಂತೋಷನ ಹಳೆಯ ಕೋಣೆಯ ಮೂಲೆಯಲ್ಲಿ ಪುಸ್ತಕ ಜೋಡಿಸಿಕೊಂಡಿದ್ದೆವು. ಮಹಾಂತೇಶಣ್ಣ ಬೆಳಕು ಹರಿಯುವ ಮೊದಲೇ ಎದ್ದು ಓದುತ್ತಿದ್ದ. ನಾನು ಅವನಿಗೆ ಪ್ರಶ್ನೆ ಕೇಳುತ್ತಿದ್ದೆ, ಅವನು ಗಾರೆ ಒಡೆಯುತ್ತಲೇ ಉತ್ತರ ಹೇಳುತ್ತಿದ್ದ. ಒಂದು ದಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿಯುತ್ತಿದ್ದಾಗ, ಅವನ ಹತ್ತಿರ ಪಾಠ ಕಲಿತ ಮೂವರು ಹುಡುಗರು ಎದುರಾದರು. ಅಭ್ಯಾಸಬಲದಿಂದ “ನಮಸ್ಕಾರ್ರಿ ಸರ್” ಎಂದುಬಿಟ್ಟು, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಗೆ ಒತ್ತಿ ನಿಂತರು. ಮಹಾಂತೇಶಣ್ಣ ಬುಟ್ಟಿಯ ಕೆಳಗಿಂದಲೇ, “ಹಣದುಬ್ಬರದ ಪಾಠ ಸಂಜೀಗೆ ಮುಗಸೂಣು. ಎಲ್ಲಾರಿಗೂ ಹೇಳ್ರಿ,” ಎಂದು ಇಳಿದುಹೋದ. ಆ ಸಂಜೆ ಮೊದಲ ಸಲ ಪಾಠಕ್ಕೆ ಯಾರೂ ಬರಲಿಲ್ಲ. ನಾಚಿಕೆ ಅವರದೋ ನಮ್ಮದೋ, ಗೊತ್ತಾಗಲಿಲ್ಲ.

ಅದೇ ವಾರ ನನ್ನ ಅವ್ವ ಬಂದಳು. ಹೇಳದೆ ಕೇಳದೆ, ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಂಡು, ಗೋಪನಕೊಪ್ಪದಿಂದ ಎರಡು ಬಸ್ಸು ಬದಲಿಸಿ. ನಾನು ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು ಹಾಳೆ ಹೊತ್ತು ನಿಂತಿದ್ದೆ. ಅವಳು ನನ್ನನ್ನು ದಾಟಿ ಮುಂದೆ ಹೋಗಿ, ಇನ್ನೊಬ್ಬನನ್ನು “ಶಂಕರ ಅಂತ ಎಂ.ಎ. ಓದಿದಾವ, ಎಲ್ಲಿರ್ತಾನ್ರಿ?” ಎಂದು ಕೇಳಿದಳು. ನಾನು “ಅವ್ವಾ” ಎಂದೆ. ತಿರುಗಿ ನೋಡಿದಳು. ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಬೇವಿನ ಕೆಳಗೆ ಕೂತು ಸೆರಗಿನಿಂದ ನನ್ನ ಮುಖ ಒರೆಸಿದಳು. “ಮನೀಗೆ ಬಾ. ನಿನ್ನ ತಮ್ಮ ಅಂಗಡ್ಯಾಗ ನಿನಗೊಂದು ಕೆಲಸ ಕೇಳೇನಿ ಅಂದಾನ. ಇಲ್ಲೆ ಕಲ್ಲು ಹೊರೂದಕ್ಕಿಂತ ಅಲ್ಲೆ ನೆಳ್ಳಾಗರ ಕುಂದರ್ತಿ.”

“ಮಹಾಂತೇಶಣ್ಣನ ಪರೀಕ್ಷಾ ಮುಗೀಲಿ ಅವ್ವಾ. ಆಮ್ಯಾಲೆ ಬರ್ತೇನಿ.”

“ಅಂವಂದು ಪರೀಕ್ಷಾ ಮುಗದ್ರ ನಿನಗೇನ್ ಬರ್ತೈತಿ?”

ಅಷ್ಟರಲ್ಲಿ ಮಹಾಂತೇಶಣ್ಣ ಕೈ ತೊಳೆದು ಬಂದು ನಮಸ್ಕಾರ ಮಾಡಿದ. ಅವ್ವ ಅವನ ಕಿವಿಪಕ್ಕದ ನರೆತ ಕೂದಲು ನೋಡಿ, ಗುತ್ತಿಗೆದಾರನ ಕಡೆಯವನೋ ಏನೋ ಎಂದುಕೊಂಡು, ಸಹಜವಾಗಿ ಕೇಳಿದಳು: “ಮಕ್ಕಳು ಎಷ್ಟರಿ ನಿಮಗ?” ಅವನು ನಕ್ಕ. “ಇನ್ನೂ ನಾನ ಓದಾಕತ್ತೇನ್ರಿ ಅವ್ವಾರ.” ಅವ್ವನಿಗೆ ಅಳು ಬಂತು. ಹೋಳಿಗೆಯನ್ನು ಇಬ್ಬರಿಗೂ ಬಡಿಸಿ, ನಾವು ತಿಂದು ಮುಗಿಸುವವರೆಗೂ ಬೇರೆ ಕಡೆ ನೋಡುತ್ತ ಕೂತಿದ್ದಳು.

ಏಪ್ರಿಲ್ ಕೊನೆಯ ವಾರ. ಮಾಳಿಗೆಯ ಅರ್ಧಕ್ಕೆ ಹಾಳೆ ಹಾಸಿ ಮುಗಿದಿತ್ತು, ಇನ್ನರ್ಧದ ಹಾಳೆಗಳು ಒಟ್ಟಿ ನಿಂತಿದ್ದವು. ಮಧ್ಯಾಹ್ನ ಗಾಳಿ ಪೂರ್ತಿ ಬಿದ್ದುಹೋಯಿತು. ಸಂಜೆ ನಾಲ್ಕರ ಸುಮಾರಿಗೆ ಕಲಘಟಗಿ ದಿಕ್ಕಿನಲ್ಲಿ ಆಕಾಶ ಮಸಿಯಂತೆ ಕಪ್ಪಾಯಿತು. ಅಶ್ವಿನಿ ಕೆಳಗಿನಿಂದ ಕೂಗಿದಳು: “ತಾಡಪತ್ರಿ ಕಟ್ರಿ! ಲಗೂ ಮಾಡ್ರಿ!”

ನಾವು ಟಾರ್ಪಾಲಿಗೆ ಹಗ್ಗ ಹುಡುಕುವುದರೊಳಗೆ ಗಾಳಿ ಬಂತು. ಒಂದು ಹಾಳೆ ಎದ್ದು ಹಕ್ಕಿಯಂತೆ ತೇಲಿಕೊಂಡು ಅಂಗಳದಾಚೆ ಹೋಗಿ ಬಿತ್ತು. ಮತ್ತೊಂದು ಎದ್ದಿತು. ಕೆಳಗಿನ ದಾರಿಯಲ್ಲಿ ಗ್ರಂಥಾಲಯದಿಂದ ಹುಡುಗ-ಹುಡುಗಿಯರು ಓಡಿ ಬರುತ್ತಿದ್ದರು, ಹಾಳೆ ಅವರ ಮೇಲೇ ಬೀಳುವಂತಿತ್ತು. ಮಹಾಂತೇಶಣ್ಣ ತಾಡಪತ್ರಿಯ ಮೂಲೆಯನ್ನು ಕಟ್ಟಲು ನೀರಿನ ಟಾಕಿಯ ಕಟ್ಟೆಯ ಮೇಲೆ ಹತ್ತಿದ. ಆಲಿಕಲ್ಲು ಶುರುವಾಯಿತು, ಬೆನ್ನ ಮೇಲೆ ಯಾರೋ ಹರಳು ಎಸೆದಂತೆ. ನಾನು ಈ ತುದಿ ಹಿಡಿದಿದ್ದೆ. “ಅಣ್ಣಾ, ಬಿಡು, ಹೋಗ್ಲಿ!” ಎಂದು ಕೂಗಿದೆ. ಅವನಿಗೆ ಕೇಳಿತೋ ಇಲ್ಲವೋ. ಗಾಳಿ ತಾಡಪತ್ರಿಯನ್ನು ಒಮ್ಮೆಲೇ ಉಬ್ಬಿಸಿತು. ಅದು ಅವನನ್ನೂ ಎತ್ತಿ ಕಟ್ಟೆಯಿಂದ ಮಾಳಿಗೆಯ ಮೇಲೆ ಕೆಡವಿತು. ಬಿದ್ದದ್ದು ಬಲಗೈಯ ಮೇಲೆ.

ಓಡಿಹೋಗಿ ಎತ್ತಿದೆ. ಅವನು ನೋವಿಗೆ ಕೂಗಲಿಲ್ಲ. ತನ್ನ ಮುಂಗೈಯನ್ನೇ ನೋಡುತ್ತಿದ್ದ. ಅದು ಸೊಟ್ಟಗೆ ತಿರುಗಿತ್ತು. “ಶಂಕರ, ಇದು ಬಲಗೈ,” ಎಂದ. ಮತ್ತೆ ಅದನ್ನೇ ಹೇಳಿದ.

ಅಶ್ವಿನಿ ಆಟೋ ಹಿಡಿದು ತಂದಳು. ದಾರಿಯುದ್ದಕ್ಕೂ ಅವನ ತಲೆಯ ಮೇಲೆ ತನ್ನ ದುಪಟ್ಟಾ ಹಿಡಿದು ಅಳುತ್ತಿದ್ದಳು. ಆಸ್ಪತ್ರೆಯಲ್ಲಿ ಎಲುಬು ಕೂರಿಸಿ ಮೊಣಕೈವರೆಗೆ ಸಿಮೆಂಟು ಪಟ್ಟಿ ಹಾಕಿದರು. ಆರು ವಾರ ಬಿಚ್ಚುವ ಹಾಗಿಲ್ಲ ಎಂದರು ಡಾಕ್ಟರು. ಪರೀಕ್ಷೆಗೆ ಉಳಿದದ್ದು ನಾಲ್ಕು ವಾರ.

ತಿರುಗಿ ಬಂದು ನೋಡಿದರೆ ಮೂರನೇ ಮಹಡಿಯ ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ಕಿಟಕಿಯಿಲ್ಲದ ಗೋಡೆಯ ತೂತಿನಿಂದ ಮಳೆ ನೇರ ಒಳಗೆ ಸುರಿದಿತ್ತು. ಅವನು ವರ್ಷಾನುಗಟ್ಟಲೆ ಬರೆದುಕೊಂಡ ಟಿಪ್ಪಣಿಗಳು ನೀರಿನಲ್ಲಿ ತೇಲುತ್ತಿದ್ದವು. ಶಾಯಿ ಹರಡಿ ಅಕ್ಷರಗಳೆಲ್ಲ ನೀಲಿ ಮೋಡಗಳಾಗಿದ್ದವು. ನಾಚಿಕೆಯಿಂದ ದೂರವಾಗಿದ್ದ ಹುಡುಗರು ಅಂದು ತಾವಾಗಿಯೇ ಬಂದರು. ಟಿಪ್ಪಣಿಯ ಉಳಿದ ಪುಟಗಳನ್ನು ಊಟದ ಹಾಲಿನಲ್ಲಿ ಹಗ್ಗ ಕಟ್ಟಿ, ಅರಿವೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಫ್ಯಾನಿನ ಕೆಳಗೆ ಒಣಗಿಸಿದರು. ಮಹಾಂತೇಶಣ್ಣ ಬಾಗಿಲಲ್ಲಿ ನಿಂತು ನೋಡಿದ, ಒಳಗೆ ಬರಲಿಲ್ಲ.

ಅವನ ಪರವಾಗಿ ಬೇರೆಯವರು ಬರೆಯಲು ಬಿಡಿ ಎಂದು ಕೇಳಿಕೊಳ್ಳಲು ದೇಸಾಯಿ ಸರ್ ತಾವೇ ಓಡಾಡಿದರು. ಡಾಕ್ಟರ ಚೀಟಿ ಲಗತ್ತಿಸಿ ಅರ್ಜಿ ಕಳಿಸಿದರು, ಫೋನು ಮಾಡಿದರು, ಒಂದು ದಿನ ಹುಬ್ಬಳ್ಳಿಯಿಂದ ರೈಲು ಹಿಡಿದು ಬೆಂಗಳೂರಿಗೂ ಹೋಗಿ ಬಂದರು. ಬಂದು ಚಪ್ಪಲಿ ಬಿಡುತ್ತಲೇ ಇಲ್ಲವೆಂದು ತಲೆಯಾಡಿಸಿದರು. “ಕಾಯಂ ಅಂಗವಿಕಲರಿಗೆ ಮಾತ್ರ ಅಂತಪಾ. ಮುರಿದ ಕೈ ಕೂಡ್ತೈತಿ, ಹಂಗಾಗಿ ಬರೂದಿಲ್ಲ ಅಂದ್ರು.”

“ಕೂಡೂ ತನಕ ಪರೀಕ್ಷಾ ನಿಂದರೂದಿಲ್ಲಲ್ರಿ ಸರ್,” ಎಂದ ಮಹಾಂತೇಶಣ್ಣ. ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ. ಅದೇ ನನಗೆ ಭಯ ಹುಟ್ಟಿಸಿತು.

ಎಡಗೈಯಲ್ಲಿ ಬರೆಯಲು ಕೂತ. ಒಂದನೇ ಇಯತ್ತೆಯ ಮಗುವಿನಂತೆ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ. ಒಂದು ಪುಟಕ್ಕೆ ಅರ್ಧ ಮುಂಜಾನೆ ಹಿಡಿಯುತ್ತಿತ್ತು. ನಾನು ಕೆಲಸಕ್ಕೆ ಮಾಳಿಗೆ ಹತ್ತುವಾಗ ಎಲ್ಲಿ ಬಿಟ್ಟಿದ್ದೆನೋ ಇಳಿದಾಗಲೂ ಅಲ್ಲೇ ಇರುತ್ತಿದ್ದ. ಆಗಾಗ ಊರಿಂದ ಅಕ್ಕ ಫೋನು ಮಾಡುತ್ತಿದ್ದಳು. ಅವನು ಎಡಗೈಯಲ್ಲಿ ಫೋನು ಹಿಡಿದು, “ಹ್ಞೂಂ ಅಕ್ಕಾ, ಓದು ಛಲೋ ನಡದೈತಿ. ಉಂಡೇನಿ. ಇಲ್ಲೆ ಬಿಸಲು ಭಾಳ ಇಲ್ಲ,” ಎನ್ನುತ್ತಿದ್ದ. ಫೋನು ಇಟ್ಟ ಮೇಲೆ ಬಹಳ ಹೊತ್ತು ಗೋಡೆಗೆ ಒರಗಿ ಕೂತಿರುತ್ತಿದ್ದ. ಆ ದಿನಗಳಲ್ಲಿ ನಾನು ಅವನನ್ನು ಮಾಳಿಗೆಗೆ ಒಬ್ಬನನ್ನೇ ಹೋಗಲು ಬಿಡುತ್ತಿರಲಿಲ್ಲ. ಏನಾದರೊಂದು ನೆವ ಹೇಳಿ ಹಿಂದೆಯೇ ಹೋಗುತ್ತಿದ್ದೆ. ಅವನಿಗೂ ಗೊತ್ತಿತ್ತು. “ಹೆದರಬ್ಯಾಡೋ, ಅಷ್ಟು ಧೈರ್ಯ ಇಲ್ಲ ನನಗ,” ಎಂದ ಒಂದು ಸಲ.

ಮೇ ತಿಂಗಳ ಮಧ್ಯದಲ್ಲಿ ಸೋಲಾರ್ ಕೂರಿಸಿದರು. ಬಿಳಿ ಹಂಚಿನ ಹೊಸ ಮಾಳಿಗೆಯ ಮೇಲೆ ಕಪ್ಪು ಕೊಳವೆಗಳ ಸಾಲು. ಮಧ್ಯಾಹ್ನ ಅಶ್ವಿನಿ ಎಲ್ಲರನ್ನೂ ಸ್ನಾನದ ಮನೆಗೆ ಕರೆದು ನಳ ತಿರುಗಿಸಿದಳು. ಆವಿಯೇಳುವ ನೀರು ಬಂತು. ಒಂದು ಕಡ್ಡಿ ಕಟ್ಟಿಗೆ ಉರಿಸದೆ, ಕರೆಂಟಿನ ಕಾಯಿಲ್ ಹಾಕದೆ ಹಾಸ್ಟೆಲ್ಲಿಗೆ ಬಂದ ಮೊದಲ ಬಿಸಿನೀರು. ಹುಡುಗರು ಕೇಕೆ ಹಾಕಿದರು.

ಎಲ್ಲರೂ ಹೋದ ಮೇಲೆ ಮಹಾಂತೇಶಣ್ಣ, “ಶಂಕರ, ಬಕೀಟು ತುಂಬು,” ಎಂದ.

ಸ್ನಾನಕ್ಕೆಂದು ತುಂಬಿಸಿದೆ. ಅವನು ನೆಲದ ಮೇಲೆ ಕೂತು ಸಿಮೆಂಟು ಪಟ್ಟಿಯ ಕೈಯನ್ನು ಅದರೊಳಗೆ ಅದ್ದಿದ. ನನಗೆ ಅರ್ಥವಾಯಿತು. ಅವನ ರಟ್ಟೆ ಹಿಡಿದು ಎಳೆದೆ. “ಹುಚ್ಚು ಹಿಡದೈತೇನು? ಡಾಕ್ಟರು ಏನ್ ಹೇಳ್ಯಾರ? ಜನ್ಮಕ್ಕ ಕೈ ಹೋಗ್ತೈತಿ!”

“ಹೋಗ್ಲಿ. ಎಡಗೈಲೆ ನಾ ಎರಡು ಪ್ರಶ್ನಾ ಬರೀಬಹುದು, ಮೂರು ಬರೀಬಹುದು. ಇದು ಇದ್ದೂ ಏನ್ ಮಾಡ್ಲಿ? ನೀ ಬಿಚ್ಚಲಿಲ್ಲಂದ್ರ ಹಲ್ಲೀಲೆ ಬಿಚ್ಚತೇನಿ ನೋಡು.”

ಕಣ್ಣಲ್ಲಿ ನೀರಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಪಟ್ಟಿ ನೆನೆದು ಮೆತ್ತಗಾಗುವ ತನಕ ಎರಡು ಸಲ ನೀರು ಬದಲಿಸಿದೆ. ತುದಿ ಸಿಕ್ಕಿದ ಮೇಲೆ ಸುರುಳಿ ಸುರುಳಿಯಾಗಿ ಬಿಚ್ಚಿದೆ. ಒಳಗಿಂದ ಬಂದ ಕೈ ಅವನದಲ್ಲ ಎನಿಸಿತು. ಸಣಕಲಾಗಿ, ಬೆಳ್ಳಗೆ, ಚರ್ಮ ಸುಲಿದು. ಪೆನ್ನು ಕೊಟ್ಟೆ. ಬೆರಳಿಂದ ಜಾರಿ ಬಿತ್ತು. ಮತ್ತೆ ಕೊಟ್ಟೆ. ಮತ್ತೆ ಬಿತ್ತು. ಮೂರನೆಯ ಸಲ ನಿಂತಿತು. ಒದ್ದೆ ನೆಲದ ಮೇಲೆ ಒಂದು ರದ್ದಿ ಕಾಗದ ಹಾಸಿ ಅವನು ತನ್ನ ಹೆಸರು ಬರೆದ. ನೋವಿಗೆ ಅವನ ಹಣೆ ಬೆವರಿತ್ತು.

ಪರೀಕ್ಷಾ ಕೇಂದ್ರ ಧಾರವಾಡದಲ್ಲೇ ಇತ್ತು. ಕೈಗೆ ರಟ್ಟು ಇಟ್ಟು ಬಟ್ಟೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದ. ನಾನು ಹಣ್ಣಿನ ರಸದ ಅಂಗಡಿಯಿಂದ ಮಂಜುಗಡ್ಡೆ ತಂದು, ಟವೆಲಿನಲ್ಲಿ ಸುತ್ತಿ, ಗೇಟಿನ ಹೊರಗೆ ಗುಲ್‌ಮೊಹರಿನ ಕೆಳಗೆ ಕಾಯುತ್ತಿದ್ದೆ. ಮೊದಲ ದಿನ ಹೊರಗೆ ಬಂದಾಗ ಮುಖ ಸುಣ್ಣದಂತಿತ್ತು, ಆದರೂ “ಎಲ್ಲಾ ಬರದೆ” ಎಂದ. ಮರುದಿನ ಮುಂಗೈ ಬಾತುಕೊಂಡಿತು. ಅದರ ಮರುದಿನ ಬೆರಳಿಗೂ ಪೆನ್ನಿಗೂ ಸೇರಿಸಿ ಬಟ್ಟೆಯ ಪಟ್ಟಿ ಕಟ್ಟಿಸಿಕೊಂಡು ಹೋದ.

ಅರ್ಥವ್ಯವಸ್ಥೆಯ ಪ್ರಶ್ನೆಗಳಿದ್ದ ಪತ್ರಿಕೆಯ ದಿನ ಎಲ್ಲರೂ ಬಂದ ಮೇಲೆ ಕೊನೆಗೆ ಬಂದ. ಮೆಟ್ಟಿಲ ಮೇಲೆ ಕೂತುಬಿಟ್ಟ. ಮಂಜುಗಡ್ಡೆ ಇಟ್ಟರೂ ಅವನಿಗೆ ಅರಿವಾಗಲಿಲ್ಲ.

“ಗೊತ್ತಿತ್ತು ಶಂಕರ. ಪತ್ರಿಕಾದಾಗ ಇದ್ದದ್ದು ಎಲ್ಲಾ ಗೊತ್ತಿತ್ತು. ಹುಡುಗ್ರಿಗೆ ಹೇಳಿಕೊಟ್ಟದ್ದ ಬಂದಿತ್ತು. ಕೈ ಹೋಗಲಿಲ್ಲ. ಪುಟ ಹಂಗ ಖಾಲಿ ಬಿಟ್ಟು ಬಂದೆ.”

ಮಳೆಗಾಲ ಶುರುವಾಗುವ ಹೊತ್ತಿಗೆ ಹಾಸ್ಟೆಲ್ಲು ಪೂರ್ತಿಯಾಯಿತು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದರು. ಮೂರನೇ ಮಹಡಿಯ ಕೋಣೆಗೆ ಕಾಲಿಟ್ಟರೆ ಮಣ್ಣಿನ ಮನೆಯ ತಂಪು. ಗೇಟಿಗೆ ಮುಖ ಗುರುತಿಸುವ ಯಂತ್ರ ಬಂತು. ಅದಕ್ಕೆ ನಮ್ಮ ಮುಖ ಗೊತ್ತಿರಲಿಲ್ಲ. ಅಶ್ವಿನಿ ಬೆಳಗಾವಿಯ ಕೆಲಸಕ್ಕೆ ಹೊರಡುವ ಮೊದಲು ಮಹಾಂತೇಶಣ್ಣನ ಎದುರು ನಿಂತು ಅವನ ಕೈಗೆ ನಮಸ್ಕಾರ ಮಾಡಿ ಹೋದಳು. ನಾವು ಸಪ್ತಾಪುರದಲ್ಲಿ ಒಂದು ಮಾಳಿಗೆಯ ಮೇಲಿನ ತಗಡಿನ ಕೋಣೆಗೆ ಸೇರಿದೆವು. ನಾನು ಝೆರಾಕ್ಸ್ ಅಂಗಡಿಯಲ್ಲಿ ಕೂತು ಬಾಡಿಗೆ ಕಟ್ಟುತ್ತಿದ್ದೆ. ದೇಸಾಯಿ ಸರ್ ಮಾತ್ರ ಅವನನ್ನು ಬಿಡಲಿಲ್ಲ. “ಹೊರಗಿನಾವ ಅಂತ ಬಾ. ಮುಂಜಾನೆ ಒಂದು ತಾಸು ಹೊಸಾ ರೀಡಿಂಗ್ ಹಾಲಿನ್ಯಾಗ ಹುಡುಗ್ರಿಗೆ ಪಾಠ ಮಾಡು,” ಎಂದರು.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮರುವರ್ಷ ಗುಮಾಸ್ತರ ಪರೀಕ್ಷೆಯಲ್ಲಿ ನಾನು ಪಾಸಾದೆ; ಓದಿಸಿದವನು ಅವನೇ. ಅವನು ಇಂದಿಗೂ ಸಪ್ತಾಪುರದಲ್ಲಿ ಪಾಠ ಹೇಳುತ್ತಾನೆ. ಅವನ ಮುಂಗೈ ಸೊಟ್ಟಗೇ ಕೂಡಿತು. ಆದರೆ ನನ್ನ ಪಾಲಿಗೆ ಆ ವರ್ಷ ಮುಗಿದದ್ದು ಫಲಿತಾಂಶ ಬಂದ ದಿನ.

ಚಳಿಗಾಲದ ಬೆಳಗು. ಅವನು ಪಾಠಕ್ಕೆ ಹೋಗಿದ್ದ. ಚಹಾದಂಗಡಿಯಲ್ಲಿ ಹುಡುಗರೆಲ್ಲ ಫೋನು ಹಿಡಿದು ನಿಂತಿದ್ದರು. ನಾನೂ ತೆರೆದೆ. ಅವನ ನಂಬರನ್ನು ಮೇಲಿಂದ ಕೆಳಗೆ ಹುಡುಕಿದೆ, ಕೆಳಗಿಂದ ಮೇಲೆ ಹುಡುಕಿದೆ. ಇರಲಿಲ್ಲ. ವಿಶ್ವವಿದ್ಯಾಲಯದ ಗುಡ್ಡ ಹತ್ತಿ ಹಾಸ್ಟೆಲ್ಲಿಗೆ ಹೋಗುವಾಗ ದಾರಿ ಮುಗಿಯದಿರಲಿ ಎನಿಸುತ್ತಿತ್ತು.

ಗೇಟಿನಲ್ಲಿ ಹೊರಗಿನವನೆಂದು ಹೆಸರು ಬರೆಸಿ, ರೀಡಿಂಗ್ ಹಾಲಿನ ಕಿಟಕಿಯ ಹೊರಗೆ ನಿಂತೆ. ಎರಡು ಪದರ ಗಾಜು. ಒಳಗಿನ ಒಂದು ಮಾತೂ ಹೊರಗೆ ಕೇಳುತ್ತಿರಲಿಲ್ಲ. ಅವನ ತುಟಿ ಆಡುತ್ತಿತ್ತು, ಹುಡುಗರು ಬರೆದುಕೊಳ್ಳುತ್ತಿದ್ದರು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಹುಬ್ಬು ಮಾತ್ರ ಮೇಲಕ್ಕೆ ಹೋಯಿತು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನ ತುಟಿ ಒಂದು ಗಳಿಗೆ ನಿಂತಿತು. ಮುಂದಿನ ಬೆಂಚಿನವನೊಬ್ಬ ಏನೋ ಕೇಳಿದ. ಮಹಾಂತೇಶಣ್ಣ ಆ ಹುಡುಗನ ಕಡೆ ತಿರುಗಿ ಉತ್ತರ ಹೇಳತೊಡಗಿದ. ತಾಸು ಮುಗಿಯುವವರೆಗೂ ಪಾಠ ಮಾಡಿದ. ಮತ್ತೊಮ್ಮೆ ಕಿಟಕಿಯ ಕಡೆ ನೋಡಲಿಲ್ಲ.

ಹೊರಗೆ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತ. ಜೇಬಿನಿಂದ ಫೋನು ತೆಗೆದು ನನ್ನ ಮಡಿಲಲ್ಲಿಟ್ಟ.

“ಅಕ್ಕಗ ಹಚ್ಚು. ನೀನ ಹೇಳು. ನನ್ನ ಕೈಲೆ ಆಗೂದಿಲ್ಲ.”

ಒಂದೇ ರಿಂಗಿಗೆ ಎತ್ತಿದಳು. “ತಮ್ಮಾ! ಇವತ್ತ ಅಂತಲ್ಲೋ? ಆತೇನಪಾ?” ಹಿಂದೆ ಅಂಗನವಾಡಿಯ ಮಕ್ಕಳ ಗದ್ದಲ. ನಾನು “ಅಕ್ಕಾರ, ನಾನು ಶಂಕರ” ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. ಮಕ್ಕಳ ಗದ್ದಲ ದೂರವಾಯಿತು. ಅವಳು ಹೊರಗೆ ಬಂದಿರಬೇಕು. ಬರಿಯ ಉಸಿರು ಕೇಳಿಸಿತು. ಅದು ಎಂಥ ಉಸಿರೆಂದು ನನಗೆ ತಿಳಿಯುತ್ತಿತ್ತು.

“ಶಂಕರ,” ಎಂದಳು ಕಡೆಗೆ, ಒಡೆದ ದನಿಯಲ್ಲಿ, “ಅಂವಗ ಹೇಳಪಾ. ಅಕ್ಕ ಅಳಾಕತ್ತಿಲ್ಲ ಅಂತ ಹೇಳು.”

ಮಹಾಂತೇಶಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

“ಅಕ್ಕ ಅಳಾಕತ್ತಿಲ್ಲಂತ, ಅಣ್ಣಾ,” ಎಂದೆ.

ಅವನು ಹ್ಞೂಂ ಎಂದು ತಲೆಯಾಡಿಸಿದ. ಆಮೇಲೆ ಆ ಸೊಟ್ಟ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು, ವರ್ಷಗಟ್ಟಲೆ ಜೊತೆಗಿದ್ದರೂ ನಾನು ಒಮ್ಮೆಯೂ ಕಂಡಿರದಂತೆ ಅತ್ತ.